ಹಳೇ ಫೋರ್‌ವೀಲ್ ಗಾಡಿ ಕೊಳ್ಳೋ ಮುಂಚೆ ಅದರ ಟ್ರಾನ್ಸ್‌ಫರ್ ಕೇಸ್ ನೋಡಿ

ಶೇಂಗಾ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎರಡು ಮಾತು ಜೋರಾಗುತ್ತವೆ. ಒಂದು ಬೋರ್‌ವೆಲ್, ಇನ್ನೊಂದು ಗಾಡಿ. ಬೋರ್ ಬಗ್ಗೆ ಎಲ್ಲರೂ ಬರೀತಾರೆ. ಈ ವಾರ ಗಾಡಿ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಡ್ರೈವ್ ಜೀಪು, ಪಿಕಪ್‌ಗಳ ಬಗ್ಗೆ.

ಗೊಬ್ಬರ, ಜೀವಾಮೃತದ ನಡುವೆ ಇದೇನು ಅನ್ನಬೇಡಿ. ಸಾವಯವ ಕೃಷಿಯಲ್ಲಿ ಅರ್ಧ ಕೆಲಸ ಸಾಗಾಟವೇ. ಹಟ್ಟಿಯಿಂದ ಕುರಿ ಗೊಬ್ಬರ ತರಬೇಕು, ಜೀವಾಮೃತದ ಡ್ರಮ್ಮು ಹೊಲದ ತುದಿಗೆ ಹೋಗಬೇಕು, ದಾಳಿಂಬೆ ಕ್ರೇಟು ಸಂಜೆಯೊಳಗೆ ರಸ್ತೆಗೆ ಬರಬೇಕು. ಟ್ರ್ಯಾಕ್ಟರ್ ಇದ್ದರೂ ಪೇಟೆಗೆ ಹೋಗಿ ಬರೋಕೆ ಅದು ಆಗಲ್ಲ. ಹೊಸ ಫೋರ್‌ವೀಲ್ ಗಾಡಿ ನಮ್ಮಂಥವರ ಕೈಗೆ ಎಟುಕಲ್ಲ. ಹಾಗಾಗಿ ಹಳೇದು ಹುಡುಕುತ್ತೇವೆ. ಇಂಜಿನ್ ಸ್ಟಾರ್ಟ್ ಮಾಡಿ ಹೊಗೆ ನೋಡ್ತೇವೆ, ಟೈರ್ ಒದೆಯುತ್ತೇವೆ, ಬಾಡಿಗೆ ತುಕ್ಕು ಹಿಡಿದಿದೆಯಾ ಅಂತ ತಟ್ಟಿ ನೋಡ್ತೇವೆ. ಗಾಡಿಯ ಹೊಟ್ಟೆಯಡಿ ಇರುವ ಒಂದು ಕಬ್ಬಿಣದ ಡಬ್ಬಿಯನ್ನು ಮಾತ್ರ ಯಾರೂ ನೋಡಲ್ಲ. ಫೋರ್‌ವೀಲ್ ಅನ್ನೋ ಹೆಸರಿಗೆ ನಾವು ಹೆಚ್ಚು ಕೊಡುವ ದುಡ್ಡೆಲ್ಲ ಇರೋದು ಆ ಡಬ್ಬಿಯಲ್ಲೇ. ಅದೇ ಟ್ರಾನ್ಸ್‌ಫರ್ ಕೇಸ್.

ಈ ಡಬ್ಬಿ ಮಾಡುವ ಕೆಲಸ

ಇಂಜಿನ್ ಶಕ್ತಿ ಗೇರ್‌ಬಾಕ್ಸಿಗೆ ಬರುತ್ತೆ. ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ. ಅದು ಶಕ್ತಿಯನ್ನು ಒಂದು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಗಾಲಿಗೆ, ಇನ್ನೊಂದರ ಮೂಲಕ ಮುಂದಿನ ಗಾಲಿಗೆ ಹಂಚುತ್ತೆ. ಡ್ರೈವರ್ ಪಕ್ಕದ ಚಿಕ್ಕ ಲಿವರ್ ಇರೋದು ಇದಕ್ಕೇ. ಹೊಸ ಮಾದರಿಯಲ್ಲಿ ಲಿವರ್ ಬದಲು ತಿರುಗಿಸುವ ಸ್ವಿಚ್ ಇರುತ್ತೆ, ಒಳಗೆ ಒಂದು ಸಣ್ಣ ಮೋಟಾರ್ ಗೇರ್ ಬದಲಿಸುತ್ತೆ. 2ಎಚ್ ಅಂದರೆ ಹಿಂದಿನ ಎರಡು ಗಾಲಿ ಮಾತ್ರ. 4ಎಚ್ ಅಂದರೆ ನಾಲ್ಕೂ ಗಾಲಿ, ಮಾಮೂಲಿ ವೇಗ. 4ಎಲ್ ಅಂದರೆ ನಾಲ್ಕೂ ಗಾಲಿ, ನಿಧಾನ. ಆದರೆ ಗಾಲಿಗೆ ಸಿಗುವ ಬಲ ಹಳೇ ಜೀಪುಗಳಲ್ಲಿ ಸುಮಾರು 2.5 ಪಟ್ಟು ಹೆಚ್ಚು.

ಈ ವ್ಯವಸ್ಥೆ ರೈತರಿಗೆ ಹೊಸದಲ್ಲ. ಯುದ್ಧ ಮುಗಿದ 1945ರಲ್ಲೇ ವಿಲ್ಲಿಸ್ ಕಂಪನಿ ತನ್ನ ಮಿಲಿಟರಿ ಜೀಪನ್ನು ಸ್ವಲ್ಪ ಬದಲಿಸಿ ಸಿಜೆ-2ಎ ಅಂತ ಅಮೆರಿಕದ ರೈತರಿಗೆ ಮಾರಿತು. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಿಂದ ಪಿಟಿಒ ತೆಗೆದು ಯಂತ್ರ ಓಡಿಸಬಹುದಿತ್ತು. ಅದೇ ವಿಲ್ಲಿಸ್ ಜೀಪಿನ ವಂಶ ಮಹೀಂದ್ರಾ ಮೂಲಕ ನಮ್ಮ ಹಳ್ಳಿಗಳಿಗೂ ಬಂತು. ಆ ಹಳೇ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸಿನೊಳಗೆ ಗೇರುಗಳೇ ಇರುತ್ತವೆ. ಈಚಿನ ಹಲವು ಮಾದರಿಗಳಲ್ಲಿ ಮುಂದಿನ ಶಾಫ್ಟಿಗೆ ಶಕ್ತಿ ಒಯ್ಯೋದು ಒಂದು ಅಗಲವಾದ ಚೈನು. ಮಾರುತಿ ಜಿಪ್ಸಿಯಲ್ಲಿ ಈ ಡಬ್ಬಿ ಗೇರ್‌ಬಾಕ್ಸಿಗೆ ಅಂಟಿಕೊಂಡಿರಲ್ಲ, ಬೇರೆಯಾಗಿ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತೆ. ನೋಡುವಾಗ ಈ ವ್ಯತ್ಯಾಸ ನೆನಪಿರಲಿ.

ಕೆಸರಿಗಿಂತ ಟಾರ್ ರಸ್ತೆಯೇ ಕೆಟ್ಟದ್ದು

ಈ ಲೇಖನದ ಮುಖ್ಯ ಮಾತು ಇದು. ಕೆಸರಲ್ಲಿ, ಮರಳಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚು ಹಾಳಾಗೋದು ಒಣಗಿದ ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಿದಾಗ.

ಕಾರಣ ಸರಳ. ಗಾಡಿ ತಿರುವಿನಲ್ಲಿ ಹೋಗುವಾಗ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಆದರೆ ನಾವು ಹಳ್ಳಿಗಳಲ್ಲಿ ನೋಡುವ ಬಹುತೇಕ ಫೋರ್‌ವೀಲ್ ಗಾಡಿಗಳಲ್ಲಿ 4ಎಚ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟು ಎರಡೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಉತ್ತ ಹೊಲದಲ್ಲಿ, ಮರಳಲ್ಲಿ ಈ ವ್ಯತ್ಯಾಸಕ್ಕೆ ಗಾಲಿ ಸ್ವಲ್ಪ ಜಾರಿ ಸರಿಹೋಗುತ್ತೆ. ಟಾರಿನ ಮೇಲೆ ಗಾಲಿ ಸುಲಭಕ್ಕೆ ಜಾರಲ್ಲ. ಆ ಒತ್ತಡವೆಲ್ಲ ಹಗ್ಗ ಹುರಿ ಮಾಡಿದ ಹಾಗೆ ಶಾಫ್ಟು, ಕ್ರಾಸು, ಗೇರು, ಚೈನಿನ ಮೇಲೆ ಸುತ್ತಿಕೊಳ್ಳುತ್ತಾ ಹೋಗುತ್ತೆ. ಸ್ಟೇರಿಂಗ್ ಭಾರವಾಗುತ್ತೆ, ತಿರುವಿನಲ್ಲಿ ಗಾಡಿ ಕುಪ್ಪಳಿಸುತ್ತೆ, ಲಿವರ್ ಎಳೆದರೂ 2ಎಚ್‌ಗೆ ಬರಲ್ಲ.

ನಮ್ಮ ಎರಡೂ ತಾಲ್ಲೂಕು ಮಧ್ಯ ಒಣ ವಲಯದಲ್ಲಿವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಯ ಹೆಸರು ಇದ್ದೇ ಇರುತ್ತೆ. ವೇದಾವತಿ ದಂಡೆಯ ಎರೆ ಹೊಲ ಮಳೆ ಬಿದ್ದ ನಾಲ್ಕು ದಿನ ಗಾಲಿ ಹಿಡಿದುಕೊಳ್ಳುತ್ತೆ. ಮೊಳಕಾಲ್ಮೂರಿನ ಚಿನ್ನ ಹಗರಿ ಕಡೆ ಮರಳು, ನುಂಕೆಮಲೆ ಸುತ್ತಮುತ್ತ ಕಲ್ಲುಗುಡ್ಡದ ದಾರಿ. ಉಳಿದ ದಿನ ನೆಲ ಗಟ್ಟಿ, ರಸ್ತೆ ಒಣ. ಹಾಗಾಗಿ ಇಲ್ಲಿ ಓಡಿದ ಗಾಡಿಯ ಟ್ರಾನ್ಸ್‌ಫರ್ ಕೇಸ್ ಎರಡು ರೀತಿಯಲ್ಲಿ ಕೆಟ್ಟಿರುತ್ತೆ. ಒಂದೋ ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿ ಓಡಿಸಿ ಸವೆಸಿರ್ತಾರೆ, ಇಲ್ಲವೇ ವರ್ಷಗಟ್ಟಲೆ ಹಾಕದೇ ಲಿವರ್, ಲಿಂಕುಗಳು ತುಕ್ಕು ಹಿಡಿದಿರುತ್ತವೆ.

ಟೈರಿನ ಲೆಕ್ಕ

ಪರಶುರಾಂಪುರದ ಕಡೆ ನನಗೆ ಗೊತ್ತಿರುವ ಒಬ್ಬ ದಾಳಿಂಬೆ ಬೆಳೆಗಾರರು ಹಳೇ ಫೋರ್‌ವೀಲ್ ಪಿಕಪ್ ತಗೊಂಡ್ರು. ಎರಡೇ ವಾರಕ್ಕೆ ಲಿವರ್ ಸಿಕ್ಕಿಹಾಕಿಕೊಳ್ಳೋಕೆ ಶುರುವಾಯ್ತು. ತೋರಿಸಿದ ಮೊದಲ ಗ್ಯಾರೇಜಿನಲ್ಲಿ "ಪೂರ್ತಿ ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು" ಅಂದ್ರು. ಇಳಿಸೋ ಮುಂಚೆ ಇನ್ನೊಬ್ಬ ಹಳೇ ಮೆಕ್ಯಾನಿಕ್ಕಿಗೆ ತೋರಿಸೋಣ ಅಂತ ಹೋದೆವು. ಆತ ಗಾಡಿಯಡಿ ಹೋಗಲೇ ಇಲ್ಲ. ಟೈರುಗಳನ್ನು ನೋಡಿ, "ಮುಂದೆ ಹೊಸದು, ಹಿಂದೆ ಬೋಳು. ಇದಕ್ಕೆ ಗೇರ್ ಏನು ಮಾಡುತ್ತೆ?" ಅಂದ. ಮಾರಿದವರು ಗಾಡಿ ಚೆಂದ ಕಾಣಲಿ ಅಂತ ಮುಂದೆ ಮಾತ್ರ ಹೊಸ ಟೈರ್ ಹಾಕಿದ್ದರು.

ಲೆಕ್ಕ ನೋಡಿ. ಹೊಸ ಟೈರಿನ ವ್ಯಾಸ 70 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಹಿಂದಿನದು 8 ಮಿಲಿಮೀಟರ್ ಸವೆದಿದ್ದರೆ ಅದರ ವ್ಯಾಸ 68.4. ಒಂದು ಸುತ್ತಿಗೆ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ. ಒಂದು ಕಿಲೋಮೀಟರಿಗೆ ಹೊಸ ಟೈರು ಸುಮಾರು 455 ಸುತ್ತು, ಸವೆದದ್ದು ಸುಮಾರು 465 ಸುತ್ತು. ಅಂದರೆ ನೆಟ್ಟಗಿನ ದಾರಿಯಲ್ಲೂ ಪ್ರತಿ ಕಿಲೋಮೀಟರಿಗೆ ಹತ್ತು ಸುತ್ತಿನಷ್ಟು ಜಗಳ ಟ್ರಾನ್ಸ್‌ಫರ್ ಕೇಸಿನೊಳಗೆ ನಡೀತಾ ಇರುತ್ತೆ. ನಾಲ್ಕಕ್ಕೂ ಒಂದೇ ಅಳತೆಯ, ಒಂದೇ ಸವೆತದ ಟೈರ್ ಹಾಕಿಸಿದ ಮೇಲೆ ಅವರ ಲಿವರ್ ಸಲೀಸಾಯ್ತು. ಡಬ್ಬಿ ಬಿಚ್ಚಲೇ ಇಲ್ಲ.

ಲಿವರ್ ಬಿಗಿದುಕೊಂಡಾಗ ಜೋರು ಮಾಡಬೇಡಿ. ನೆಟ್ಟಗೆ ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಇಲ್ಲವೇ ಸಡಿಲ ಮಣ್ಣಿಗೆ ಇಳಿಸಿ. ಹುರಿ ಬಿಚ್ಚಿಕೊಂಡು ಲಿವರ್ ತಾನೇ ಬರುತ್ತೆ. ಹಾಗೂ ಬರದಿದ್ದರೆ ಆಗ ಒಳಗಿನ ದೋಷ ಅಂತ ಅನುಮಾನ ಪಡಬಹುದು.

ಗಾಡಿ ಯಾವ ಕಡೆಯಿಂದ ಬಂತು ಅಂತ ಕೇಳಿ

ನಮ್ಮ ಕಡೆ ಮಾರಾಟಕ್ಕೆ ಬರುವ ಗಾಡಿಗಳ ಊರು ಕೇಳಿದರೆ ಎಲ್ಲಿ ಕೈ ಹಾಕಿ ನೋಡಬೇಕು ಅಂತ ಅರ್ಧ ಗೊತ್ತಾಗುತ್ತೆ.

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಎಸ್ಟೇಟ್ ಜೀಪುಗಳು: ಫೋರ್‌ವೀಲ್ ಚೆನ್ನಾಗಿ ಬಳಕೆಯಾಗಿರುತ್ತೆ, ಆದರೆ ಸಡಿಲ ನೆಲದಲ್ಲಿ. ಗೇರಿಗಿಂತ ನೀರು, ತುಕ್ಕು, ಸೀಲುಗಳನ್ನು ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ.

ಸಂಡೂರು, ಹೊಸಪೇಟೆ ಗಣಿ ಕಡೆಯವು: ಭಾರ, ದೂಳು, ಹಗಲು ರಾತ್ರಿ ಓಟ. ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳನ್ನು ನೋಡಿ. ಕಿಲೋಮೀಟರ್ ಮೀಟರನ್ನು ಪೂರ್ತಿ ನಂಬಬೇಡಿ.

ಮಿಲಿಟರಿ ಹರಾಜಿನವು: ಓಡಿದ್ದಕ್ಕಿಂತ ನಿಂತದ್ದು ಹೆಚ್ಚಿರಬಹುದು. ನಿಂತ ಗಾಡಿಯ ರಬ್ಬರ್ ಸೀಲು ಒಣಗಿ ಬಿರುಕು ಬಿಡುತ್ತೆ. ನಾಗರಿಕ ನೋಂದಣಿ ಆಗಿದೆಯಾ ಅಂತ ಆರ್‌ಸಿ ನೋಡದೆ ಮಾತಿಗೇ ಕೂರಬೇಡಿ.

ರಾಯದುರ್ಗ, ಕಲ್ಯಾಣದುರ್ಗದಿಂದ ಬರುವ ಆಂಧ್ರ ನಂಬರಿನವು: ಬೆಲೆ ಕಡಿಮೆ ಕಂಡರೂ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಕೆಎ-16 ನಂಬರಿನ ಖರ್ಚು ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಮಾತು. 1933ರ ನಂತರ ಮೊದಲ ಸಲ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ವೇದಾವತಿ ತುಂಬಿ ಹರಿಯಿತು. ಅಂಥ ವರ್ಷಗಳಲ್ಲಿ ನದಿ ದಂಡೆಯ ಊರಲ್ಲಿದ್ದ ಗಾಡಿಯಾದರೆ, ನೀರಿಗೆ ಇಳಿದಿತ್ತಾ, ಆಮೇಲೆ ಎಣ್ಣೆ ಬದಲಿಸಿದರಾ ಅಂತ ನೇರವಾಗಿ ಕೇಳಿ.

ದುಡ್ಡು ಕೊಡೋ ಮುಂಚೆ ಒಂದು ಗಂಟೆ

1. ಇಂಜಿನ್ ತಣ್ಣಗಿರುವಾಗ ಹೋಗಿ. ಗಾಲಿಗೆ ಕಲ್ಲು ಕೊಡದೆ ಗಾಡಿಯಡಿ ಹೋಗಬೇಡಿ. ಹಳೇ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರೋದು ಗಾಲಿಯಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನಲ್ಲಿ. ಸೀಲು ಸೋರಿ ಡ್ರಮ್ಮಿಗೆ ಎಣ್ಣೆ ಬಿದ್ದಿದ್ದರೆ ಅದು ಹಿಡಿಯಲ್ಲ. ಹಿಂದಿನ ಒಂದು ಗಾಲಿ ಜಾಕಿಯಲ್ಲಿ ಎತ್ತಿದರೂ ಹಿಡಿಯಲ್ಲ. ಇದು ಜೀವದ ಪ್ರಶ್ನೆ.

2. ಮುಂದಿನ ಪ್ರೊಪೆಲ್ಲರ್ ಶಾಫ್ಟು ಇದೆಯಾ ನೋಡಿ. ನಗಬೇಡಿ. ರಿಪೇರಿ ತಪ್ಪಿಸಿಕೊಳ್ಳೋಕೆ ಅದನ್ನೇ ಬಿಚ್ಚಿಟ್ಟ ಗಾಡಿಗಳು ಇವೆ. ಲಿವರ್ ಇದ್ದ ಮಾತ್ರಕ್ಕೆ ಫೋರ್‌ವೀಲ್ ಇದೆ ಅಂತ ಅಲ್ಲ.

3. ಡಬ್ಬಿಯ ಮೈ ನೋಡಿ. ಒಣ ದೂಳು ಕೂತಿದ್ದರೆ ಒಳ್ಳೇದು. ಎಣ್ಣೆ ಜಿಡ್ಡಿಗೆ ದೂಳು ಅಂಟಿದ್ದರೆ ಹಳೇ ಸೋರಿಕೆ. ಪಳಪಳ ಅಂತ ಡೀಸೆಲ್ಲಿನಲ್ಲಿ ತೊಳೆದಿದ್ದರೆ, ಓಡಿಸಿ ಬಂದ ಮೇಲೆ ಇನ್ನೊಮ್ಮೆ ನೋಡಿ. ಬಿರುಕಿಗೆ ಎಂಸೀಲ್ ಹಚ್ಚಿದ್ದರೆ ಅಲ್ಲಿಗೇ ಬಿಡಿ.

4. ಪ್ರೊಪೆಲ್ಲರ್ ಶಾಫ್ಟನ್ನು ಡಬ್ಬಿಯ ಹತ್ತಿರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟು ಕಟಕಟ ಅಂತ ಮೇಲೆ ಕೆಳಗೆ ಆಡಿದರೆ ಬೇರಿಂಗ್ ಅಥವಾ ಕ್ರಾಸ್ ಹೋಗಿದೆ. ತಿರುಗಿಸಿದಾಗ ಸ್ವಲ್ಪ ಲೂಸ್ ಇರೋದು ಸಹಜ.

5. ಎಣ್ಣೆ ನೋಡಿ. ಮೊದಲು ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ಬಿಚ್ಚಲು ಬರದಿದ್ದರೆ ಎಣ್ಣೆ ಇಲ್ಲದ ಗಾಡಿ ಇಟ್ಟುಕೊಂಡು ಕೂರಬೇಕಾಗುತ್ತೆ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸ್ವಲ್ಪ ಇದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಗೇರ್ ಹಲ್ಲು ಮುರೀತಿದೆ. ಗೇರ್‌ಬಾಕ್ಸಿನ ಎಣ್ಣೆಯನ್ನೂ ನೋಡಿ. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಮಿತಿಮೀರಿ ಇದ್ದರೆ ಎರಡರ ನಡುವಿನ ಸೀಲು ಹೋಗಿದೆ.

6. ಮುಂದಿನ ಗಾಲಿ ನಿಜವಾಗಿ ಎಳೆಯುತ್ತಾ ಪರೀಕ್ಷಿಸಿ. ಮುಂದಿನ ಗಾಲಿಯಲ್ಲಿ ಲಾಕ್ ಮಾಡುವ ಹಬ್ ಇದ್ದರೆ ಎರಡನ್ನೂ ಲಾಕ್ ಮಾಡಿ. ಇಂಜಿನ್ ಆಫ್, ಗೇರ್‌ಬಾಕ್ಸ್ ನ್ಯೂಟ್ರಲ್, ಚಿಕ್ಕ ಲಿವರ್ 4ಎಚ್‌ಗೆ. ಸಮ ನೆಲದಲ್ಲಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಮುಂದಿನ ಒಂದು ಗಾಲಿ ಎತ್ತಿ, ಗಾಡಿಯ ಹೊರಗೇ ನಿಂತು ಕೈಯಲ್ಲಿ ತಿರುಗಿಸಿ. ಅದು ಸ್ವಲ್ಪ ಅಲ್ಲಾಡಿ ನಿಲ್ಲಬೇಕು. ರಾಟೆ ಹಾಗೆ ಸುತ್ತಿದರೆ ಹಬ್, ಆಕ್ಸಲ್ ಅಥವಾ ಟ್ರಾನ್ಸ್‌ಫರ್ ಕೇಸ್, ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಇನ್ನೊಂದು ಬದಿಗೂ ಇದೇ ಮಾಡಿ.

7. ಓಡಿಸಿ ನೋಡಿ. ಖಾಲಿ, ನೆಟ್ಟಗಿನ ರಸ್ತೆಯಲ್ಲಿ 2ಎಚ್‌ನಲ್ಲಿ ಹೋಗಿ, ಸ್ವಲ್ಪ ಹೊತ್ತು ನ್ಯೂಟ್ರಲ್ ಮಾಡಿ. ಗುಂಯ್ ಅನ್ನೋ ಸದ್ದು ನಿಂತರೆ ತೊಂದರೆ ಗೇರ್‌ಬಾಕ್ಸ್ ಕಡೆ. ಗಾಡಿ ವೇಗದ ಜೊತೆಗೇ ಸದ್ದು ಉಳಿದರೆ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ ಅಥವಾ ಗಾಲಿ ಬೇರಿಂಗ್. ಆಮೇಲೆ ಉತ್ತ ಹೊಲಕ್ಕೆ ಇಳಿಸಿ 4ಎಚ್ ಹಾಕಿ. ಆಕ್ಸಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ಗಾಡಿ ಪೂರ್ತಿ ನಿಲ್ಲಿಸಿ 4ಎಲ್ ಹಾಕಿ, ಬದು ಹತ್ತಿ ಇಳಿಸಿ. ಇಳಿಯುವಾಗ ಲಿವರ್ ತಾನೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಒಳಗೆ ಸವೆತ ಇದೆ. "ಇಲ್ಲೇ ಟಾರಿನ ಮೇಲೆ ಹಾಕಿ ತೋರಿಸ್ತೀನಿ" ಅಂದವರಿಗೆ ಬೇಡ ಅನ್ನಿ. ಆ ಗಾಡಿಯನ್ನು ಅವರು ದಿನಾ ಹಾಗೇ ಓಡಿಸಿದ್ದಾರೆ ಅಂತಲೂ ತಿಳ್ಕೊಳ್ಳಿ.

ಸ್ವಿಚ್ ಇರುವ ಮಾದರಿಯಾದರೆ, ತಿರುಗಿಸಿದಾಗ ಡಬ್ಬಿಯ ಕಡೆಯಿಂದ ಮೋಟಾರಿನ ಸದ್ದು ಬರಬೇಕು, ಮೀಟರಿನಲ್ಲಿ ದೀಪ ಹತ್ತಿ ನಿಲ್ಲಬೇಕು. ಮಿಣುಕುತ್ತಲೇ ಇದ್ದರೆ ಗೇರ್ ಪೂರ್ತಿ ಕೂತಿಲ್ಲ. ಹಲವು ಸಲ ಕಾರಣ ವೈರು, ಕನೆಕ್ಟರು ಅಷ್ಟೇ ಆಗಿರುತ್ತೆ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಸೀಲು ಸೋರಿಕೆಗೆ ಹೆದರಬೇಡಿ, ಚೌಕಾಸಿಗೆ ಬಳಸಿ. ಒಂದು ಎಕರೆ ಶೇಂಗಾ ಬೀಜದ ದುಡ್ಡಿನೊಳಗೆ ಮುಗಿಯುವ ಕೆಲಸ. ಆದರೆ ಸೀಲು ಹಾಕಿಸಿದರೂ ಮತ್ತೆ ಮತ್ತೆ ಸೋರಿದರೆ ಡಬ್ಬಿಯ ಮೇಲಿನ ಬ್ರೀದರ್ ನೋಡಿ. ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗೋಕೆ ಇರುವ ಚಿಕ್ಕ ತೂತು ಅದು. ನಮ್ಮ ದೂಳಿಗೆ ಮುಚ್ಚಿಹೋದರೆ ಒತ್ತಡಕ್ಕೆ ಎಣ್ಣೆ ಸೀಲನ್ನು ದಾಟಿ ಬರುತ್ತೆ. ಒಂದು ತಂತಿ, ಸ್ವಲ್ಪ ಡೀಸೆಲ್ ಸಾಕು.

ಜಿಪ್ಸಿಯಂಥ ಗಾಡಿ ನಡುಗಿದರೆ ಮೊದಲು ರಬ್ಬರ್ ಮೌಂಟ್ ನೋಡಿ, ಗೇರನ್ನಲ್ಲ. ಲಿವರ್ ಹಾರಿ ಬರೋದಕ್ಕೂ ಕೆಲವು ಸಲ ಲಿಂಕಿನ ಸವೆತ, ಒಳಗಿನ ಸ್ಪ್ರಿಂಗು ಕಾರಣ. ಗೇರ್ ಹಲ್ಲೇ ಸವೆದಿದ್ದರೆ ಖರ್ಚು ದೊಡ್ಡದು. ಚೈನಿನ ಮಾದರಿಯಲ್ಲಿ ಲೋಡ್ ಎಳೆಯುವಾಗ ಡಬ್ಬಿಯೊಳಗೆ ಟಕ್ ಟಕ್ ಅಂತ ಹಾರಿದ ಸದ್ದು ಬಂದರೆ ಚೈನು ಸಡಿಲವಾಗಿದೆ. ಚೈನು, ಚಕ್ರ ಎರಡೂ ಬದಲಿಸಬೇಕಾಗಬಹುದು.

ನಿಜವಾಗಿ ಹೆದರಬೇಕಾದ್ದು ಮೂರಕ್ಕೆ: ಹೌಸಿಂಗಿನ ಬಿರುಕು, ಎಣ್ಣೆಯಲ್ಲಿ ಲೋಹದ ಚೂರು, ಮತ್ತು ಪಾರ್ಟು ಸಿಗದ ಹಳೇ ಮಾದರಿ. ಮೂರನೆಯದನ್ನು ಕೊಳ್ಳುವ ಮೊದಲೇ ವಿಚಾರಿಸಿ. ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ನಮಗೆ ಸಿಗೋದು ಮೂರು ನಾಲ್ಕು ದಿನ. ಆ ದಿನಗಳಲ್ಲಿ ಗಾಡಿ ಬೆಂಗಳೂರಿನಿಂದ ಬರುವ ಬೇರಿಂಗಿಗೆ ಕಾಯ್ತಾ ಗ್ಯಾರೇಜಿನಲ್ಲಿ ನಿಂತರೆ ನಷ್ಟ ಬೇರಿಂಗಿನ ಬೆಲೆಯಲ್ಲ, ಒಂದು ಹಂಗಾಮು.

ಕೊಂಡ ಮೇಲೆ

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ಲಿನ ಎಣ್ಣೆ ಮೊದಲ ವಾರವೇ ಬದಲಿಸಿ. ಗೇರಿನ ಮಾದರಿಗೆ ಸಾಮಾನ್ಯವಾಗಿ ಗೇರ್ ಆಯಿಲ್, ಚೈನಿನ ಹಲವು ಮಾದರಿಗಳಿಗೆ ತೆಳುವಾದ ಎಟಿಎಫ್. ಅದಲು ಬದಲಾದರೆ ಹೊಸ ತೊಂದರೆ. ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಿ.

ತಿಂಗಳಿಗೊಮ್ಮೆ ಹೊಲದಲ್ಲಿ ಐದು ನಿಮಿಷ 4ಎಚ್, ಸ್ವಲ್ಪ ದೂರ 4ಎಲ್ ಓಡಿಸಿ. ಒಳಗಿನ ಗೇರು, ಸೀಲುಗಳಿಗೆ ಎಣ್ಣೆ ಮುಟ್ಟುತ್ತೆ, ಲಿವರ್ ಹಿಡಿದುಕೊಳ್ಳಲ್ಲ. ಟಾರಿಗೆ ಹತ್ತುವ ಮುಂಚೆ 2ಎಚ್‌ಗೆ ಬನ್ನಿ. ಹಳ್ಳದ ನೀರು ಡಬ್ಬಿ ಮುಟ್ಟಿದ್ದರೆ ಮಾರನೇ ದಿನವೇ ಎಣ್ಣೆ ನೋಡಿ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಬ್ರೀದರ್ ಸ್ವಚ್ಛ ಮಾಡಿ ಕ್ರಾಸುಗಳಿಗೆ ಗ್ರೀಸ್ ಹೊಡೆಸಿ. ಟೈರ್ ಬದಲಿಸಿದರೆ ನಾಲ್ಕನ್ನೂ ಬದಲಿಸಿ. ಆಗದಿದ್ದರೆ ಸವೆತ ಸಮ ಬರುವ ಹಾಗೆ ಹಿಂದುಮುಂದು ಮಾಡ್ತಾ ಇರಿ.

ನಿಮಗೆ ಬೇಕೇ ಬೇಕಾ?

ಕೊನೆಗೆ ಈ ಪ್ರಶ್ನೆ ಕೇಳಿಕೊಳ್ಳಿ. ಕಳೆದ ವರ್ಷ ಎಷ್ಟು ದಿನ ಟೂವೀಲ್ ಗಾಡಿ ನಿಮ್ಮ ಹೊಲಕ್ಕೆ ಹೋಗಲಾಗಲಿಲ್ಲ? ಬೆರಳಲ್ಲಿ ಎಣಿಸುವಷ್ಟು ದಿನ ಅಂದರೆ, ಹಿಂದೆ ಒಳ್ಳೆ ಟೈರ್ ಹಾಕಿದ ಮಾಮೂಲಿ ಪಿಕಪ್ ಸಾಕು. ಆ ನಾಲ್ಕು ದಿನ ಪಕ್ಕದ ಹೊಲದವರ ಟ್ರ್ಯಾಕ್ಟರ್ ಕೇಳಿದರಾಯ್ತು. ಉಳಿದ ದುಡ್ಡು ಕೃಷಿಹೊಂಡಕ್ಕೋ ಗೊಬ್ಬರಕ್ಕೋ ಹೋಗಲಿ. ನದಿ ದಾಟಿ ಹೊಲ ಇರುವವರು, ಎರೆ ಭೂಮಿಯಲ್ಲಿ ತೋಟ ಮಾಡಿ ಮಳೆಗಾಲದಲ್ಲೇ ಕಟಾವು ಇರುವವರು, ಗುಡ್ಡದ ಮೇಲಿನ ಜಮೀನಿನವರು ಫೋರ್‌ವೀಲ್ ತಗೊಳ್ಳಲಿ, ಅದು ದುಡಿದು ಕೊಡುತ್ತೆ.

ನೋಡೋಕೆ ಹೋಗುವಾಗ ಬ್ರೋಕರ್ ಜೊತೆ ಹೋಗಬೇಡಿ. ನಿಮ್ಮ ಮೆಕ್ಯಾನಿಕ್ಕಿಗೆ ಒಂದು ದಿನದ ಕೂಲಿ ಕೊಟ್ಟು ಕರ್ಕೊಂಡು ಹೋಗಿ. ಒಂದು ಹಳೇ ಚೀಲ, ಒಂದು ಟಾರ್ಚು, ಗಾಲಿಗೆ ಕೊಡೋಕೆ ಎರಡು ಕಲ್ಲು ಜೊತೆಗಿರಲಿ. ಗಾಡಿಯಡಿ ಮಲಗಿ ನೋಡೋಕೆ ಬಿಡದವರ ಹತ್ತಿರ ವ್ಯಾಪಾರ ಬೇಡ.